ರಾಣಿಯ ಹಕಾರ

ನವೆಂಬರ್ 12, ಬುಧವಾರ

ಬೇಡ ಬೇಡ ಎಂದರೂ ನಾಟಕ ನನ್ನ ಕೊರಳಿಗೇ ಬಿತ್ತು. ಸ್ಟಾಫ್ ಮೀಟಿಂಗಿನಲ್ಲಿ ಹೆಡ್ಮಾಸ್ಟರ್ ತೋಂಟದಾರ್ಯ ಅವರು, "ಡಿಸೆಂಬರ್ ಇಪ್ಪತ್ತಕ್ಕೆ ವಾರ್ಷಿಕೋತ್ಸವ. ಈ ಸಲ ಆ ರೆಕಾರ್ಡ್ ಡ್ಯಾನ್ಸು ಬೇಡ ಕಣ್ರೀ, ನೋಡಿ ನೋಡಿ ಕಣ್ಣು ಸೇದೋಗೈತೆ. ನಾಟಕ ಆಡ್ಸಾನ. ಹುಚ್ಚರಂಗಯ್ಯ ಮಾಸ್ಟ್ರ ಮಗಳನ್ನ ಶಾಲೇಲೇ ಇಟ್ಕಂಡು ನಾವ್ಯಾಕೆ ಬೇರೆಯೋರ ಬಾಗ್ಲು ತಟ್ಟಾನ?" ಎಂದರು.

"ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ ಸಾರ್" ಎಂದೆ.

"ಅದುಕ್ಕೇ ಹೇಳ್ತಿರಾದು ಹೇಮಾವತಮ್ಮ" ಎಂದರು. ಆಮೇಲೆ ನನ್ನ ಮುಖ ನೋಡದೆ ಫೈಲು ತಿರುವುತ್ತಾ ಕೂತರು.

ಶ್ರಾವಣದಿಂದ ಈ ಪುಸ್ತಕ ಮುಟ್ಟಿರಲಿಲ್ಲ. ಬರೆಯಲು ಏನಿತ್ತು? ಎದ್ದೆ, ಅಡಿಗೆ ಮಾಡಿದೆ, ಶಾಲೆಗೆ ಹೋದೆ, ಬಂದೆ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದ ನನಗೆ ಮನೆ ಎಂದರೆ ಅಪ್ಪನೇ ಆಗಿದ್ದರು. ಈಗ ಮನೆಯೆಂಬುದು ಬರೀ ಗೋಡೆ, ಹೆಂಚು, ಹಿತ್ತಲಿನ ಎರಡು ತೆಂಗಿನ ಮರ.

ಅಪ್ಪ ಡ್ರಾಮಾ ಮಾಸ್ಟರು. ಹೆಗಲಿಗೆ ಹಾರ್ಮೋನಿಯಂ ಹಾಕಿಕೊಂಡು ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಊರೂರು ತಿರುಗಿ ರೈತರಿಗೆ ಪೌರಾಣಿಕ ನಾಟಕ ಕಲಿಸಿದವರು. ಹಗಲು ಕುಡುಗೋಲು ಹಿಡಿದವನ ಕೈಗೆ ಸಂಜೆ ಗದೆ ಕೊಡುತ್ತಿದ್ದರು. ಅವರು ಎಷ್ಟು ಊರಲ್ಲಿ ಎಷ್ಟು ರಾಜರನ್ನು ಮಾಡಿದರೋ ಲೆಕ್ಕವಿಟ್ಟವರಿಲ್ಲ. ಹೆಣ್ಣು ಪಾತ್ರಕ್ಕೆ ಮಾತ್ರ ಪೇಟೆಯಿಂದ ಕಲಾವಿದೆಯರನ್ನು ಕರೆಸುತ್ತಿದ್ದರು. ಎಲ್ಲ ಪಾತ್ರದ ಮಾತೂ ಬಾಯಿಪಾಠವಿದ್ದ ಮಗಳು ಪರದೆಯ ಹಿಂದೆ ಚಾಪೆ ಮೇಲೆ ಕೂತು ತುಟಿ ಅಲ್ಲಾಡಿಸುತ್ತಿದ್ದಳು.

ಸರಿ, ಒಪ್ಪಿಕೊಂಡಾಯಿತು. ಇನ್ನು ಉರುಳಿಗೆ ಕೊರಳು ಕೊಟ್ಟ ಮೇಲೆ ಹಗ್ಗ ನುಣುಪಾಗಿದೆಯೇ ಎಂದು ನೋಡುವುದೇನು?

ನವೆಂಬರ್ 14, ಶುಕ್ರವಾರ

ನಾಟಕ ನಾನೇ ಬರೆಯುತ್ತಿದ್ದೇನೆ. ಕಥೆ ಇಷ್ಟೇ: ಒಂದೂರಿನ ರಾಣಿ, ತನ್ನ ರಾಜ್ಯದಲ್ಲಿ ಯಾರೂ ನಗಕೂಡದೆಂದು ಶಾಸನ ಹೊರಡಿಸುತ್ತಾಳೆ. ನಕ್ಕವರಿಗೆ ಶಿಕ್ಷೆ. ವಿದೂಷಕನೊಬ್ಬ ಪಡಬಾರದ ಪಾಡು ಪಟ್ಟು, ಕಟ್ಟಕಡೆಯ ದೃಶ್ಯದಲ್ಲಿ ರಾಣಿಯನ್ನೇ ನಗಿಸಿಬಿಡುತ್ತಾನೆ. ಶಾಸನ ಅಲ್ಲಿಗೆ ಮುರಿದುಬೀಳುತ್ತದೆ. ಇದೇ ಕಥೆ ಯಾಕೆ ಹೊಳೆಯಿತೋ ಗೊತ್ತಿಲ್ಲ.

ಒಂಬತ್ತನೇ ತರಗತಿಯ ಮಕ್ಕಳನ್ನು ಆರಿಸುತ್ತಿದ್ದೇನೆ. ವಿದೂಷಕನಿಗೆ ಜ್ಞಾನೇಶನನ್ನು ಬಿಟ್ಟರೆ ಬೇರೆಯವರಿಲ್ಲ. ಅವನು ಸುಮ್ಮನೆ ನಿಂತರೂ ತರಗತಿ ಕಿಸಕ್ಕೆನ್ನುತ್ತದೆ. ರಾಣಿಗೆ ಮಾತ್ರ ಯಾರೂ ಸಿಗಲಿಲ್ಲ. ಎಲ್ಲರದೂ ಸೊಳ್ಳೆಯ ದನಿ. ಬೇಸರದಿಂದ ಕಿಟಕಿಯ ಬಳಿ ನಿಂತಿದ್ದಾಗ ಆಟದ ಬಯಲಿನ ಆ ತುದಿಯಿಂದ ಒಂದು ಕೂಗು ಬಂತು. "ಲೇ ಸೌಂದರ್ಯಾ, ನಿನ್ ಬುತ್ತಿ ಕಾಗೆ ಎತ್ಕಂಡೋಯ್ತು ಕಣೇ!" ಆ ದನಿ ಬಯಲು ದಾಟಿ, ಗೋಡೆ ದಾಟಿ ನನ್ನ ಎದೆಗೇ ತಾಕಿತು. ಮೈಕಿಲ್ಲದ ಕಾಲದಲ್ಲಿ ಅಪ್ಪ ಹುಡುಕುತ್ತಿದ್ದುದು ಇಂಥ ದನಿಯನ್ನೇ.

ಹೋಗಿ ನೋಡಿದರೆ ಪವಿತ್ರ. ನನ್ನ ತರಗತಿಯಲ್ಲಿ "ಎಸ್ ಮೇಡಂ" ಬಿಟ್ಟು ಇನ್ನೊಂದು ಮಾತಾಡದ ಹುಡುಗಿ! ಕಾರಣ ಗೊತ್ತಿದೆ. ಹೋದ ವರ್ಷ ಸ್ವಾತಂತ್ರ್ಯ ದಿನದಂದು ಭಾಷಣಕ್ಕೆ ನಿಂತು "ಆಗಸ್ಟ್ ಅದಿನೈದರಂದು ನಮ್ಮ ಓರಾಟಗಾರರು, ಉತಾತ್ಮರು" ಎಂದಳು. ಇಡೀ ಶಾಲೆ ಗೊಳ್ಳೆಂದಿತು. ಅರ್ಧಕ್ಕೆ ಇಳಿದುಹೋದವಳು ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. ನಕ್ಕವರಾದರೂ ಯಾರು? "ಆಲು, ಅಣ್ಣು" ಎನ್ನುವ ಮಕ್ಕಳೇ. ನಮ್ಮ ಸೀಮೆಯಲ್ಲಿ ಹಕಾರ ಯಾರ ಬಾಯಲ್ಲೂ ನಿಲ್ಲುವುದಿಲ್ಲ.

ರಾಣಿ ಆಗುತ್ತೀಯಾ ಎಂದೆ. ನನ್ನನ್ನೂ ನೆಲವನ್ನೂ ನೋಡಿದಳು. "ಆಗ್ತೀನಿ ಮೇಡಂ. ನೀವು ಯೋಳ್ಕೊಡ್ತೀರಲ್ವಾ?" ಎಂದಳು.

ನವೆಂಬರ್ 18, ಮಂಗಳವಾರ

ಶಾಲೆಯ ಹಾಲಿನಲ್ಲಿ ಹತ್ತನೇ ತರಗತಿಗೆ ಸ್ಪೆಷಲ್ ಕ್ಲಾಸು. ಹಾಗಾಗಿ ನಮ್ಮ ಅಭ್ಯಾಸ ಸೌಂದರ್ಯಳ ತಂದೆ ಬಸವಕುಮಾರ್ ಅವರ ಕೊಬ್ಬರಿ ಗೋಡೌನಿನಲ್ಲಿ. ಒಳಗೆ ಕಾಲಿಟ್ಟ ಕೂಡಲೇ ನಾನು ಎಂಟು ವರ್ಷದವಳಾದೆ. ಅಪ್ಪ ಈ ಊರಿಗೆ ನಾಟಕ ಕಲಿಸಿದ್ದು ಇಲ್ಲಿಯೇ, ಬಸವಕುಮಾರ್ ಅವರ ತಾತನ ಕಾಲದಲ್ಲಿ. ಮೇಲೆ ಅಟ್ಟದ ತುಂಬ ಕೊಬ್ಬರಿಯಾಗಲು ಹಾಕಿದ ಕಾಯಿ, ಕೆಳಗೆ ಚೀಲಗಳು, ಹೊರಗೆ ಚಿಪ್ಪಿನ ರಾಶಿ. ಆ ಒಣ ಸಿಹಿ ವಾಸನೆ ಒಂದಿಷ್ಟೂ ಬದಲಾಗಿಲ್ಲ. ಆಗ ತೋಟದಿಂದ ಬಂದ ಗಂಡಸರು ಕಾಲು ತೊಳೆದು ಸಾಲಾಗಿ ಕೂರುತ್ತಿದ್ದರು. ಅಪ್ಪ ಹಾರ್ಮೋನಿಯಂ ಎಳೆದರೆ ಕೆಮ್ಮು ಕೂಡ ನಿಲ್ಲುತ್ತಿತ್ತು. ನಾನು ಖಾಲಿ ಚೀಲದ ಮೇಲೆ ಮಲಗಿ, ರಾಜರುಗಳ ಕೂಗಾಟ ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಅಷ್ಟು ಒಳ್ಳೆಯ ನಿದ್ದೆ ಆಮೇಲೆ ಎಂದೂ ಬಂದಿಲ್ಲ.

ಇವತ್ತು ಮೊದಲ ಓದು. ರಾಣಿ ಬಂದು ಸಿಂಹಾಸನದಲ್ಲಿ ಕೂತು ಹೇಳಬೇಕು: "ಹಗಲಿರಲಿ, ಹೊತ್ತು ಮುಳುಗಲಿ, ಹಳ್ಳಿಯಿರಲಿ, ಹಟ್ಟಿಯಿರಲಿ, ನನ್ನ ಹದ್ದುಬಸ್ತಿನಲ್ಲಿ ಹಲ್ಲು ಬಿಟ್ಟವರ ಹೆಸರು ಹೇಳಿ!"

ಪವಿತ್ರ ಎದೆಯುಬ್ಬಿಸಿ ನಿಂತು, ಆ ಅಮೋಘ ದನಿಯಲ್ಲಿ ಹೇಳಿದಳು: "ಅಗಲಿರಲಿ, ಒತ್ತು ಮುಳುಗಲಿ, ಅಳ್ಳಿಯಿರಲಿ, ಅಟ್ಟಿಯಿರಲಿ, ನನ್ನ ಅದ್ದುಬಸ್ತಿನಲ್ಲಿ ಅಲ್ಲು ಬಿಟ್ಟವರ ಎಸರು ಏಳಿ!"

ಕೂತಿದ್ದ ಜ್ಞಾನೇಶ ಎದ್ದು ನಿಂತ. ಯಾಕೋ ಎಂದರೆ, "ಏಳಿ ಅಂದ್ಳಲ್ಲ ಮೇಡಂ" ಎಂದ.

ಎಲ್ಲರೂ ನಕ್ಕರು. ಪವಿತ್ರಳ ಕಿವಿ ಕೆಂಪಾಯಿತು. ನನಗೆ ನಗು ಬರಲಿಲ್ಲ. ಅಪ್ಪನ ಉಪಾಯವನ್ನು ಹೊರತೆಗೆದೆ. ತೆಂಗಿನ ನಾರಿನ ಒಂದು ತೆಳ್ಳನೆ ಎಳೆಯನ್ನು ತುಟಿಯ ಮುಂದೆ ಹಿಡಿದು ಮಾತಾಡಬೇಕು. ಹಕಾರ ಬಂದರೆ ಎಳೆ ನಡುಗುತ್ತದೆ, ಅಕಾರವಾದರೆ ಸುಮ್ಮನಿರುತ್ತದೆ. "ಹ ಅನ್ನೋದು ಬಾಯಿಂದ ಬರೋದಲ್ಲ, ಹೊಟ್ಟೆಯಿಂದ ಬರೋದು" ಎನ್ನುತ್ತಿದ್ದರು. ಪವಿತ್ರಳ ಎಳೆ ಇವತ್ತು ಒಮ್ಮೆಯೂ ಅಲ್ಲಾಡಲಿಲ್ಲ.

ಅಪ್ಪನಿಗೆ ಹಕಾರದ ಹುಚ್ಚು ಹಿಡಿದದ್ದಕ್ಕೆ ಕಾರಣ ಅವರ ಹೆಸರೇ. ಹುಚ್ಚರಂಗಯ್ಯ ಎಂಬ ಹೆಸರಿನಿಂದ ಹಕಾರ ತೆಗೆದರೆ ಏನು ಉಳಿಯುತ್ತದೆ? ಹುಳಿಯಾರು ಕಡೆಯ ಕೆಂಕೆರೆಯಲ್ಲಿ ಅವರ ಅವ್ವ, ಓರಗೆಯವರು ಎಲ್ಲರೂ "ಉಚ್ಚಾ, ಉಚ್ಚಾ" ಎಂದೇ ಕರೆಯುತ್ತಿದ್ದರಂತೆ. ಬಾವಿಕಟ್ಟೆಯಲ್ಲಿ ಬೇರೆ ಊರಿನ ಹೆಂಗಸರು ಮೂಗು ಮುಚ್ಚಿಕೊಂಡು ಆಡಿಕೊಂಡರಂತೆ. ತನ್ನ ಹೆಸರನ್ನು ತಾನು ಮಾನವಾಗಿ ಹೇಳಿಕೊಳ್ಳಬೇಕೆಂದೇ ಆ ಹುಡುಗ ಹಕಾರ ಕಲಿತದ್ದು. ಮಗಳಿಗೆ ಹೇಮಾವತಿ ಎಂದು ಹೆಸರಿಟ್ಟರು. ಊರೆಲ್ಲ ನನ್ನನ್ನು ಏಮಕ್ಕ, ಏಮಮ್ಮ ಎಂದರೆ ಅಪ್ಪ ಒಬ್ಬರೇ ಒಂದಕ್ಷರವೂ ಬಿಡದೆ "ಹೇಮಾವತೀ" ಎಂದು ಕರೆಯುತ್ತಿದ್ದರು, ರಂಗದ ಮೇಲೆ ಪಾತ್ರವನ್ನು ಕರೆದಂತೆ.

ನವೆಂಬರ್ 21, ಶುಕ್ರವಾರ

ಪವಿತ್ರಳ ಅಜ್ಜಿ ಸಿದ್ದಮ್ಮ ಶಾಲೆಗೇ ಬಂದರು. ಸೊಂಟಕ್ಕೆ ಸೆರಗು ಬಿಗಿದು, ಜಗಳಕ್ಕೇ ಬಂದ ಹಾಗೆ.

"ಏನ್ ಮೇಡಮ್ಮೋರೆ, ನಮ್ ಉಡ್ಗೀಗೆ ಏನ್ ಮಾಡ್ಬುಟ್ರಿ? ಮನೇಲಿ ಒಂದೂ ನೆಟ್ಟುಗ್ ಮಾತಾಡಾಕಿಲ್ಲ. ಅನ್ನಕ್ಕೆ ಅನ್ನ ಅಂತಾಳೆ. ಎಮ್ಮೆಗೆ ಎಮ್ಮೆ ಅಂತಾಳೆ!"

"ಸರಿಯಾಗೇ ಹೇಳ್ತಾಳಲ್ಲ ಸಿದ್ದಮ್ಮನೋರೆ" ಎಂದೆ.

"ಅಯ್ಯೋ, ಅಂಗಲ್ಲ ಕಣ್ರೀ. ಅನ್ನಕ್ಕೆ ಅನ್ನ ಅಂದ್ರೆ ಸರಿ. ಅವ್ಳು ಅನ್ನ ಅನ್ನಾಕಿಲ್ಲ, ಅನ್ನ ಅಂತಾಳೆ!"

ಹೆಡ್ಮಾಸ್ಟರು ಕನ್ನಡಕ ತೆಗೆದು ನನ್ನನ್ನೂ ಅಜ್ಜಿಯನ್ನೂ ನೋಡಿದರು. ಅಜ್ಜಿ ಹಣೆ ಚಚ್ಚಿಕೊಂಡು ಮೊಮ್ಮಗಳನ್ನು ಕರೆಸಿ, "ಯೋಳೇ, ಬೆಳಗ್ಗೆ ನಂಗೆ ಏನಂದೆ ಯೋಳು" ಎಂದರು.

ಪವಿತ್ರ ತಲೆ ತಗ್ಗಿಸಿ ಹೇಳಿದಳು: "ಹಜ್ಜೀ, ಹನ್ನ ಹಾಯ್ತಾ? ಹೆಮ್ಮೆಗೆ ಹುಲ್ಲು ಹಾಕ್ದ್ಯಾ?"

ಹುಲ್ಲು ಹಾಕಿದ್ದು ಮಾತ್ರ ಸರಿಯಾಗಿತ್ತು! ನಾರಿನ ಎಳೆ ಹಿಡಿದು ಹಿಡಿದು ಈಗ ಮಕ್ಕಳೆಲ್ಲ ಬೇಕಾದಲ್ಲಿ ಬಿಟ್ಟು ಬೇಡದಲ್ಲಿ ಹಕಾರ ಅಂಟಿಸುತ್ತಿದ್ದಾರೆ. ಮೊಮ್ಮಗಳ ತಪ್ಪನ್ನು ಅನುಕರಿಸಿ ತೋರಿಸಲು ಅಜ್ಜಿಗೆ ಹಕಾರವೇ ಬಾರದು, ಪಾಪ. ಹೆಡ್ಮಾಸ್ಟರು ಮುಖಕ್ಕೆ ಫೈಲು ಅಡ್ಡ ಹಿಡಿದು ಕುಲುಕುತ್ತಿದ್ದರು. ನಾನು ಗಂಭೀರವಾಗಿಯೇ ಇದ್ದು, "ಒಂದು ತಿಂಗಳು ತಡ್ಕೊಳಿ, ಸರಿಹೋಗುತ್ತೆ" ಎಂದೆ. "ಓಗ್ಲಿ ಬುಡಿ, ಆಟಕ್ಕಾದ್ರೂ ಮಾತಾಡ್ತೈತಲ್ಲ. ವರ್ಸದಿಂದ ಕ್ಲಾಸಲ್ಲಿ ಮೂಗಿ ಆಗೋಗಿತ್ತು ಮಗ" ಎಂದು ಅಜ್ಜಿ ತಣ್ಣಗಾಗಿ ಹೊರಟರು.

ನವೆಂಬರ್ 24, ಸೋಮವಾರ

ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಇವತ್ತೂ "ಎಸರು ಏಳಿ". ರಾತ್ರಿ ಮುದ್ದೆ ಮಾಡಲು ಬೇಸರವಾಗಿ ಮಜ್ಜಿಗೆ ಕುಡಿದೆ.

ನವೆಂಬರ್ 27, ಗುರುವಾರ

ಪವಿತ್ರಳನ್ನು ತೆಗೆದುಬಿಟ್ಟೆ. ಇನ್ನು ರಾಣಿ ಸೌಂದರ್ಯ. ತಿಪಟೂರಿನ ಕಾನ್ವೆಂಟಿನಲ್ಲಿ ಓದಿ ಬಂದ ಹುಡುಗಿ, ಮುತ್ತು ಪೋಣಿಸಿದಂಥ ಮಾತು. ಒಂದಕ್ಷರ ಜಾರುವುದಿಲ್ಲ. ಪವಿತ್ರಳಿಗೆ ಪರದೆ ಎಳೆಯುವ ಕೆಲಸ ಕೊಟ್ಟೆ. ಅವಳು ಕೈಯಲ್ಲಿದ್ದ ನಾರಿನ ಎಳೆಯನ್ನು ಚೀಲದ ಮೇಲಿಟ್ಟು ಹೋದಳು.

ಹೆಡ್ಮಾಸ್ಟರಿಗೆ ಸಮಾಧಾನವಿಲ್ಲ. "ಹಳ್ಳಿ ಮಗು ಕಣ್ರೀ. ಒಂದಕ್ಷರಕ್ಕೆ ಇಷ್ಟೊಂದಾ?" ಎಂದರು. ಒಂದಕ್ಷರಕ್ಕೇ. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಅಪ್ಪನಿಗೆ ಲಕ್ವ ಹೊಡೆದಾಗ ಆಸ್ಪತ್ರೆಯಲ್ಲಿ ಹಗಲೆಲ್ಲ ಮಂಚದ ಪಕ್ಕದಲ್ಲೇ ಕೂತಿದ್ದೆ. ಕಣ್ಣು ಬಿಡುತ್ತಿದ್ದರು, ಮುಚ್ಚುತ್ತಿದ್ದರು, ಮಾತಿರಲಿಲ್ಲ. ಕೊನೆಯ ದಿನ ಬೆಳಗ್ಗೆ ತುಟಿ ಅಲುಗಿತು. ಕಿವಿ ಹತ್ತಿರ ಒಯ್ದೆ. "ಏಮಾ" ಎಂದರು. ಮತ್ತೊಮ್ಮೆ "ಏಮಾ". ಹಕಾರವಿಲ್ಲ. ಜನ್ಮದಲ್ಲಿ ಒಂದು ಸಲವೂ ನನ್ನ ಹೆಸರಿನ ಅಕ್ಷರ ತಪ್ಪದವರು. ಆ ಕ್ಷಣವೇ ಅಪ್ಪ ಹೋಗಿಬಿಟ್ಟರು ಎಂದು ನನಗೆ ಅನ್ನಿಸಿತು. ಉಸಿರು ನಿಂತದ್ದು ಮಧ್ಯಾಹ್ನ. ಆದರೆ ನನ್ನ ಅಪ್ಪ, ಹುಚ್ಚರಂಗಯ್ಯ ಮಾಸ್ಟರು, ಬೆಳಗ್ಗೆಯೇ ಹೋಗಿದ್ದರು. ಮಂಚದ ಮೇಲೆ ಉಳಿದದ್ದು ಯಾರೋ.

ಹಕಾರ ಬಿದ್ದುಹೋದ ಮಾತು ಕೇಳಿದರೆ ನನಗೆ ಆ ಆಸ್ಪತ್ರೆಯ ಡೆಟಾಲ್ ವಾಸನೆ ಬರುತ್ತದೆ. ಏನು ಮಾಡಲಿ?

ಡಿಸೆಂಬರ್ 1, ಸೋಮವಾರ

ಹಾಜರಿ ಕೂಗಿದಾಗ ಪವಿತ್ರ "ಎಸ್ ಮೇಡಂ" ಎನ್ನುವುದನ್ನೂ ಬಿಟ್ಟಿದ್ದಾಳೆ. ಕೈ ಎತ್ತುತ್ತಾಳೆ ಅಷ್ಟೆ.

ಡಿಸೆಂಬರ್ 4, ಗುರುವಾರ

ಇದನ್ನು ಬಿಡದೆ ಬರೆಯಬೇಕು.

ಕೊನೆಯ ದೃಶ್ಯದ ಅಭ್ಯಾಸ. ವಿದೂಷಕ ಕುಣಿಯುತ್ತಾನೆ, ರಾಣಿ ನಗಬೇಕು. ಸೌಂದರ್ಯಳಿಗೆ ಎಲ್ಲ ಬರುತ್ತದೆ, ನಗು ಬರುವುದಿಲ್ಲ. "ಹ. ಹ. ಹಾ." ಹಗ್ಗದ ಮೇಲಿನ ಬಟ್ಟೆಯನ್ನು ಒಂದೊಂದಾಗಿ ತೆಗೆದಂತೆ ನಗುತ್ತಾಳೆ. ನಾನು ನಕ್ಕು ತೋರಿಸಲು ಹೋದೆ. ನನ್ನ ಗಂಟಲಿನಿಂದ ಬಂದ ಸದ್ದಿಗೆ ಮಕ್ಕಳು ಹೆದರಿದರು. ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುವಂತೆ, "ಗೋಡೌನು ಸರಿಯಿಲ್ಲ, ದನಿ ಕಟ್ಟುತ್ತೆ" ಎಂದು ಸುಮ್ಮನಾದೆ.

ಜ್ಞಾನೇಶ ತೆಂಗಿನ ನಾರಿನಲ್ಲಿ ದಪ್ಪ ಮೀಸೆ ಮಾಡಿಕೊಂಡು ಅಂಟಿಸಿಕೊಂಡಿದ್ದ. ನಾರು ಮೂಗಿಗೆ ಹೋಗಿ ಒಂದು ಸೀನು ಸೀನಿದ ನೋಡಿ, ಮೀಸೆ ಹಾರಿ ಸೌಂದರ್ಯಳ ಭುಜದ ಮೇಲೆ ಕೂತಿತು. ಅವಳು "ಜಿರಳೆ! ಜಿರಳೆ!" ಎಂದು ಸಿಂಹಾಸನ ಹತ್ತಿ ನಿಂತಳು. ಜ್ಞಾನೇಶ ಗಾಬರಿಯಾಗಿ, "ಜಿರಳೆ ಅಲ್ಲ ಮಹಾರಾಣಿ, ಮೀಸೆ, ಕೊಟ್ಬುಡಿ" ಎಂದು ಕೈಮುಗಿದ.

ಆಗ ಪರದೆಯ ಹಿಂದಿನಿಂದ ಒಂದು ನಗು ಎದ್ದಿತು. ಹಹ್ಹಹ್ಹಾ, ಹಹ್ಹಹ್ಹಹ್ಹಾ! ಗೋಡೌನಿನ ತಗಡು ನಡುಗುವಂಥ ನಗು. ಪರದೆ ಸರಿಸಿದೆ. ಪವಿತ್ರ ಹೊಟ್ಟೆ ಹಿಡಿದುಕೊಂಡು ಚೀಲಕ್ಕೆ ಒರಗಿದ್ದಾಳೆ, ಕಣ್ಣಲ್ಲಿ ನೀರು. ನಿಲ್ಲಿಸಲು ನೋಡುತ್ತಾಳೆ, ನಿಲ್ಲುತ್ತಿಲ್ಲ.

ನಾನು ಕೇಳಿಸಿಕೊಂಡದ್ದು ನಗುವನ್ನಲ್ಲ, ಹಕಾರವನ್ನು. ಎಂಥ ಹಕಾರ! ಸಾಲು ಸಾಲಾಗಿ, ಹೊಟ್ಟೆಯೊಳಗಿಂದ, ಒಂದೂ ಜಾರದೆ. ನಮ್ಮ ಸೀಮೆಯಲ್ಲಿ ಹಾಲಿಗೆ ಆಲು ಎನ್ನುವವರು ಇದ್ದಾರೆ, ಆದರೆ "ಅಅಅಅಆ" ಎಂದು ನಗುವವರು ಯಾರಿದ್ದಾರೆ? ಇಷ್ಟು ವರ್ಷ ಇದು ಯಾಕೆ ಹೊಳೆಯಲಿಲ್ಲ?

"ನಗ್ತಾ ನಗ್ತಾನೇ ಹೇಳೇ, ನಿಲ್ಲಿಸಬೇಡ. ಹಗಲಿರಲಿ ಅನ್ನು!" ಎಂದು ಕೂಗಿದೆ.

"ಹಹ್ಹ, ಹ, ಹಗಲಿರಲಿ, ಹಹ್ಹ, ಹೊತ್ತು ಮುಳುಗಲಿ, ಹಳ್ಳಿಯಿರಲಿ, ಹಟ್ಟಿಯಿರಲಿ..."

ಬಂತು. ಎಲ್ಲವೂ ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ನನಗೆ ಮಾತ್ರ ತಕ್ಷಣ ಮನೆಗೆ ಓಡಿಹೋಗಿ ಅಪ್ಪನಿಗೆ ಹೇಳಬೇಕು ಅನ್ನಿಸಿತು: ನಾರೂ ಬೇಡ ಗೀರೂ ಬೇಡ ಅಪ್ಪಾ, ನಗಿಸಿದರೆ ಸಾಕು. ಅವರು ಆಯುಷ್ಯವೆಲ್ಲ ಬೈದು ಬೈದು ಕಲಿಸಿದ್ದನ್ನು ಒಂದು ಸೀನು ಕಲಿಸಿತು. ಕೇಳಿದ್ದರೆ ಹಾರ್ಮೋನಿಯಂ ಬದಿಗಿಟ್ಟು ಎಷ್ಟು ಸಂತೋಷಪಡುತ್ತಿದ್ದರು! ಗೋಡೌನಿನ ಬಾಗಿಲು ದಾಟಿದ ಮೇಲೆ ಹೇಳಲು ಯಾರೂ ಇಲ್ಲವೆಂದು ನೆನಪಾಯಿತು. ಚಿಪ್ಪಿನ ರಾಶಿಯ ಹಿಂದೆ ನಿಂತು ಅತ್ತೆ.

ಡಿಸೆಂಬರ್ 5, ಶುಕ್ರವಾರ

ಸೌಂದರ್ಯ ಮುನಿಸಿಕೊಳ್ಳುತ್ತಾಳೆಂದು ಹೆದರಿದ್ದೆ. "ಮೇಡಂ, ನಂಗೆ ಮಂತ್ರಿ ಪಾರ್ಟು ಕೊಡಿ. ಮೀಸೆ ಹಾಕೋಬೇಕು ಅಂತ ಫಸ್ಟಿಂದ ಆಸೆ ನಂಗೆ" ಎಂದಳು. ಕಿರೀಟ ಬಿಟ್ಟು ಮೀಸೆ ಕೇಳುವ ಮಕ್ಕಳು.

ಪವಿತ್ರ ಮಾತ್ರ ಒಪ್ಪಲಿಲ್ಲ. ನಲ್ಲಿಯ ಹತ್ತಿರ ನಿಲ್ಲಿಸಿ ಕೇಳಿದೆ.

"ಬ್ಯಾಡ ಮೇಡಂ. ಮತ್ತೆ ತೆಗೀತೀರ."

"ತೆಗೆಯಲ್ಲ."

"ಅವತ್ತು ಜನದ್ ಮುಂದೆ ತಪ್ಪಿದ್ರೆ? ಇನ್ನೊಂದ್ ಸಲ ಎಲ್ರೂ ನಕ್ಬುಟ್ರೆ ನಾನ್ ಇಸ್ಕೂಲ್‌ಗೇ ಬರಾಕಿಲ್ಲ. ಅಜ್ಜಿ ಮೇಲಾಣೆ."

ಅವಳ ಕಣ್ಣು ನೋಡಿದರೆ ಅದು ಬೆದರಿಕೆಯಲ್ಲ. ಬರುವುದಿಲ್ಲ ಎಂದರೆ ಬರುವುದಿಲ್ಲ. ಈ ಹುಡುಗಿ ಮನೆಯಲ್ಲಿ ಉಳಿದರೆ ಮತ್ತೆ ಎಳೆದು ತರುವವರು ಯಾರು? ನನ್ನ ಅಂಗೈ ಮುಂದೆ ಚಾಚಿದೆ. ಭಾಷೆ ಕೊಡುವುದೆಂದರೆ ನಮ್ಮಲ್ಲಿ ಹಾಗೇ ತಾನೆ? ಅವಳು ಒದ್ದೆ ಕೈಯನ್ನೇ ನನ್ನ ಕೈಮೇಲೆ ಇಟ್ಟಳು.

ಡಿಸೆಂಬರ್ 16, ಮಂಗಳವಾರ

ಬರೆಯಲು ಪುರುಸೊತ್ತಿಲ್ಲ. ಬೆಳಗ್ಗೆ ಪಾಠ, ಸಂಜೆ ಗೋಡೌನು, ಮನೆಗೆ ಬಂದರೆ ಕಿರೀಟಕ್ಕೆ ಬೇಗಡೆ ಅಂಟಿಸುವುದು. ಅಪ್ಪನ ಕೋಣೆಯ ಬಾಗಿಲು ತೆಗೆದು ಟ್ರಂಕು ಹೊರಗೆಳೆದೆ. ಅಂಗಿಗಳಲ್ಲಿ ಇನ್ನೂ ಆ ಬಣ್ಣದ, ಎಣ್ಣೆಯ, ಬೀಡಿಯ ವಾಸನೆ. ಚಿಕ್ಕವಳಿದ್ದಾಗ ನಾಟಕ ಮುಗಿದ ಬೆಳಗ್ಗೆ ಅಪ್ಪ ಹಳೇ ಪಂಚೆಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ರಾಜರ ಮುಖ ಒರೆಸುತ್ತಿದ್ದುದು ಕಣ್ಣಿಗೆ ಕಟ್ಟಿತು. ಬಣ್ಣದ ಕೆಳಗಿನಿಂದ ಒಬ್ಬೊಬ್ಬರಾಗಿ ಪರಿಚಯದವರು ಹೊರಬರುತ್ತಿದ್ದರು: ಕೆಂಪಯ್ಯ ಮಾವ, ಗಾಣದ ಭೀಮರಾಜು. ನನಗೆ ಅದೇ ನಾಟಕಕ್ಕಿಂತ ಚೆಂದ ಕಾಣುತ್ತಿತ್ತು.

ಪವಿತ್ರ ಹಕಾರಕ್ಕೆ ಮೊದಲು ಒಂದು ಸಣ್ಣ ನಗೆಯನ್ನು ಹೊಟ್ಟೆಯೊಳಗೇ ನಕ್ಕು ಆಮೇಲೆ ಅಕ್ಷರ ಬಿಡುತ್ತಾಳೆ. ರಾಣಿಯ ಮಾತಿಗೆ ಅದರಿಂದ ಒಂದು ಭಯಂಕರ ಠೀವಿ ಬಂದಿದೆ. ಜ್ಞಾನೇಶ ಅವಳನ್ನು ಅಣಕಿಸಿದ, ಎಲ್ಲರೂ ನಕ್ಕೆವು. ಪಕ್ಕದ ಮನೆಯ ಪುಟ್ಟಗೌರಮ್ಮ, "ಏನ್ರೀ, ಅಡಿಗೆ ಮನೇಲಿ ರಂಗಗೀತೆ ಜೋರಾಗೈತೆ?" ಎಂದು ಕೇಳಿದರು. ನಾನು ಹಾಡುತ್ತಿದ್ದೆನಂತೆ. ಇರಲಾರದು, ರೇಡಿಯೋ ಇರಬೇಕು.

ಡಿಸೆಂಬರ್ 21, ಭಾನುವಾರ

ನಿನ್ನೆ ನಾಟಕ ಆಯಿತು.

ಶಾಲೆಯ ಅಂಗಳಕ್ಕೆ ಗರಿಯ ಚಪ್ಪರ. ಸಂಜೆಯ ಬೆಳಕಿನಲ್ಲೇ ಶುರು ಮಾಡಿದೆವು. ದಂಡಿನಶಿವರದ ಕಡೆಯಿಂದಲೂ ಜನ ಬಂದಿದ್ದರು. ಮುಂದಿನ ಚಾಪೆಯ ಮೇಲೆ ಸಿದ್ದಮ್ಮ ಎಲೆಅಡಿಕೆ ಚೀಲ ಬಿಚ್ಚಿ ಕೂತಿದ್ದರು. ನಾನು ಪಕ್ಕದ ಪರದೆಯ ಹಿಂದೆ, ಕೈಯಲ್ಲಿ ಮಾತಿನ ಹಾಳೆ. ನನ್ನ ಜಾಗ ಬದಲಾಗಲೇ ಇಲ್ಲ ನೋಡಿ.

ಪವಿತ್ರ ಬಂದಳು. ಬಸವಕುಮಾರ್ ಮನೆಯ ರೇಷ್ಮೆ ಸೀರೆ, ಅಪ್ಪನ ಕಾಲದ ಕಿರೀಟ, ಮುಖಕ್ಕೆ ಗಟ್ಟಿ ಬಣ್ಣ. "ಹಗಲಿರಲಿ, ಹೊತ್ತು ಮುಳುಗಲಿ" ಎಂದಳು. ಒಂದಕ್ಷರ ಜಾರಲಿಲ್ಲ. ಮೊದಲ ದೃಶ್ಯ, ಎರಡನೆಯದು, ಎಲ್ಲ ಹಕಾರವೂ ಮೊಳೆ ಹೊಡೆದಿಟ್ಟ ಹಾಗೆ. ಆದರೆ ಜನ? ಜನ ಸುಮ್ಮನೆ ಕೂತಿದ್ದರು, ಮಂತ್ರಿಗಳ ಭಾಷಣ ಕೇಳುವಂತೆ ಮರ್ಯಾದೆಯಿಂದ. ಜ್ಞಾನೇಶ ಏನೇ ತಿಪ್ಪರಲಾಗ ಹೊಡೆದರೂ ಒಬ್ಬರೂ ನಗಲಿಲ್ಲ. ರಾಣಿಯ ಶಾಸನ ನಿಜವಾಗಿಯೂ ಜಾರಿಯಾದಂತಿತ್ತು.

ಮೂರನೆಯ ದೃಶ್ಯದಲ್ಲಿ, ರಾಣಿ ಮಾತು ನಿಲ್ಲಿಸಿ ಅಪರಾಧಿಯನ್ನು ದುರುಗುಟ್ಟಿ ನೋಡುವ ಮೌನದ ಹೊತ್ತಿಗೆ, ಚಾಪೆಯಿಂದ ಸಿದ್ದಮ್ಮನ ದನಿ ಎದ್ದಿತು.

"ಅಲ್ಲ ಕಣ್ರಪ್ಪ, ಆವಾಗ್ಲಿಂದ ನೋಡ್ತಾ ಇವ್ನಿ, ನಮ್ ಪವಿತ್ರ ಎಲ್ಲಿ? ಯಾವಾಗ್ ಬತ್ತಾಳೆ? ಈ ರಾಣಿ ಓಗೋದೇ ಇಲ್ವಾ?"

ಅಜ್ಜಿಗೆ ಬ‌ಣ್ಣದೊಳಗಿನ ಮೊಮ್ಮಗಳ ಗುರುತೇ ಸಿಕ್ಕಿರಲಿಲ್ಲ! ಮಾತೂ ಬೇರೆ, ಮುಖವೂ ಬೇರೆ. ಹಿಂದೆ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹರಡಿತು. ಪವಿತ್ರ ಸಿಂಹಾಸನದಲ್ಲಿ ಕಲ್ಲಾಗಿ ಕೂತಿದ್ದಳು. ನನಗೆ ಆಗಸ್ಟ್ ಹದಿನೈದರ ಮೆಟ್ಟಿಲು ಕಂಡಿತು, ಅರ್ಧಕ್ಕೆ ಇಳಿದುಹೋದ ಮಗು ಕಂಡಿತು. ಇಳಿದುಬಿಡುತ್ತಾಳೆ, ಇನ್ನೆಂದೂ ಬರುವುದಿಲ್ಲ ಎಂದುಕೊಂಡು ಪರದೆ ಹಾಕಿಸಲು ಕೈ ಎತ್ತಿದೆ.

ಅವಳು ಎದ್ದಳು. ಇಳಿಯಲಿಲ್ಲ. ಕಿರೀಟ ಹಿಡಿದುಕೊಂಡು ವೇದಿಕೆಯ ಅಂಚಿಗೆ ಬಂದು ಬಗ್ಗಿದಳು. ಅಂಗಳಕ್ಕೆಲ್ಲ ಕೇಳುವ ಅದೇ ದನಿ, ಆದರೆ ಎಷ್ಟು ಮೆತ್ತಗೆ!

"ಇಲ್ಲೇ ಅವ್ನಿ ಕಣಜ್ಜಿ. ನಾನೇ ಕಣೇ ರಾಣಿ. ಒಸಿ ಸುಮ್ಕಿರು, ಮನೇಗ್ ಓಗಿ ಮಾತಾಡಾನ."

"ಅಯ್ಯೋ ನನ್ ಕೂಸೇ, ನೀನಾ!" ಎಂದು ಅಜ್ಜಿ ಎರಡೂ ಕೈಯಿಂದ ದೃಷ್ಟಿ ತೆಗೆದರು. ಅಂಗಳಕ್ಕೆ ಅಂಗಳವೇ ಭೋರೆಂದಿತು. ಪವಿತ್ರ ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡು, ಸಿಂಹಾಸನಕ್ಕೆ ಹೋಗಿ ಕೂತು, ನಗುತ್ತಿದ್ದ ಆ ಇಡೀ ಜನಸ್ತೋಮದ ಕಡೆ ಕೈ ಚಾಚಿ ಗುಡುಗಿದಳು:

"ನನ್ನ ಹದ್ದುಬಸ್ತಿನಲ್ಲಿ ಹಲ್ಲು ಬಿಟ್ಟವರ ಹೆಸರು ಹೇಳಿ!"

ಜ್ಞಾನೇಶ ನಡು ಬಗ್ಗಿಸಿ, "ಹೆಸರು ಹೇಳೋಕಾಗಲ್ಲ ಮಹಾರಾಣಿ, ಊರಿಗೂರೇ ಬಿಟ್ಟೈತೆ!" ಎಂದ.

ಇದು ಯಾವ ಹಾಳೆಯಲ್ಲೂ ಇರಲಿಲ್ಲ. ರಾಣಿಗೆ ತಡೆಯಲಾಗಲಿಲ್ಲ. ಹಹ್ಹಹ್ಹಾ ಎಂದುಬಿಟ್ಟಳು, ಇನ್ನೂ ಎರಡು ದೃಶ್ಯ ಬಾಕಿ ಇರುವಾಗಲೇ! ರಾಣಿ ನಕ್ಕ ಮೇಲೆ ನಾಟಕವೆಲ್ಲಿ? ಸೌಂದರ್ಯ ಮುಂದೆ ಬಂದು ಮೀಸೆ ತಿರುವಿ, "ಮಹಾರಾಣಿಯವರೇ ನಕ್ಕ ಮೇಲೆ ಶಾಸನ ರದ್ದು! ಎಲ್ಲರೂ ನಗುತ್ತಾ ಊಟಕ್ಕೆ ಹೋಗಿ!" ಎಂದು ಸಾರಿ ಪರದೆ ಎಳೆಸಿದಳು. ಅರ್ಧ ನಾಟಕ ಉಳಿಯಿತು. ಜನ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ಆ ಕೂಗು ಕೇಳಿ ಎಷ್ಟು ಕಾಲವಾಗಿತ್ತು!

ಹೆಡ್ಮಾಸ್ಟರು ಆಮೇಲೆ, "ನಿಮ್ಮ ನಗು ನನ್ನ ಕುರ್ಚಿ ತನಕ ಕೇಳ್ತು ಹೇಮಾವತಮ್ಮ" ಎಂದರು. ಅಷ್ಟು ಜೋರಾಗಿ ನಕ್ಕಿಲ್ಲ. ಉತ್ಪ್ರೇಕ್ಷೆ ಅವರ ಹುಟ್ಟುಗುಣ.

ಇವತ್ತು ಬೆಳಗ್ಗೆ ಕಾಫಿ ಹಿಡಿದು ಹಿತ್ತಲ ಬಾಗಿಲಲ್ಲಿ ಕೂತಾಗ ಮತ್ತೆ ಮತ್ತೆ ಕಣ್ಣಿಗೆ ಬಂದದ್ದು ನಾಟಕವಲ್ಲ, ಪವಿತ್ರ ಬಗ್ಗಿದ್ದು. ಜನಕ್ಕೆಲ್ಲ ಹಕಾರ ಹಾಕಿ ಮಾತಾಡಿದವಳು ಅಜ್ಜಿಗೆ ಮಾತ್ರ ಅದಿಲ್ಲದೆ ಮಾತಾಡಿದಳು. ಮರೆತು ಅಲ್ಲ. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಅಲ್ಲಿ ಬೇಕೆಂದೇ ಕೆಳಗಿಟ್ಟಳು. ಅಜ್ಜಿಗೆ ಯಾಕೆ ಬೇಕು ರಾಣಿಯ ಮಾತು?

ಅಪ್ಪ ನನ್ನನ್ನು ಜೀವಮಾನವಿಡೀ ಮಾಸ್ಟರಾಗಿ ಕರೆದರು. ಹೇಮಾವತೀ, ಮಾತು ನೆಟ್ಟಗಿರಲಿ. ಹೇಮಾವತೀ, ದನಿ ಎತ್ತು. ಆಸ್ಪತ್ರೆಯ ಆ ಬೆಳಗ್ಗೆ ನಾಟಕವೆಲ್ಲ ಮುಗಿದಿತ್ತು, ಬಣ್ಣ ಒರೆಸಿಯಾಗಿತ್ತು. ಕೆಂಕೆರೆಯ ಅವ್ವನ ಮಗ ತನ್ನ ಮಗಳನ್ನು ತನ್ನ ಅವ್ವನ ಮಾತಿನಲ್ಲಿ ಕರೆದಿದ್ದ. ಅಪ್ಪ ಹೋಗಿರಲಿಲ್ಲ. ಆವತ್ತೇ ಬಂದಿದ್ದರು. ಎರಡು ಸಲ ಕರೆದರು, ನನಗೆ ಗುರುತು ಸಿಗಲಿಲ್ಲ.

ಕಾಫಿ ಆರಿಹೋಗಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಗಟ್ಟಿಯಾಗಿಯೇ ಹೇಳಿದೆ.

"ಇಲ್ಲೇ ಅವ್ನಿ ಕಣಪ್ಪ."